ದಕ್ಷಿಣದ ಬಾಗಿಲು

ದಿಲ್ಲಿಯ ಕರೋಲ್ ಬಾಗಿನ ಆ ಮನೆಗೆ ಮೊದಲ ಸಲ ಬಂದವರು ಯಾರೂ ನೆಟ್ಟಗೆ ಒಳಗೆ ಬಂದದ್ದಿಲ್ಲ. ಬೀದಿಯಲ್ಲಿ ನಿಂತು ನೋಡಿದರೆ ಕೆಂಪು ಇಟ್ಟಿಗೆಯ ಗೋಡೆ, ಅದರಲ್ಲಿ ಎರಡು ಕಿಟಕಿ, ಎರಡರ ನಡುವೆ ಬಾಗಿಲಿರಬೇಕಾದ ಕಡೆ ಬಣ್ಣ ಹೊಂದದ ಇಟ್ಟಿಗೆಯ ತೇಪೆ, ತೇಪೆಯ ನೆತ್ತಿಯ ಮೇಲೆ ಗಣಿತದ ಟ್ಯೂಷನ್ ಎಂದು ಹಿಂದಿಯಲ್ಲಿ ಬರೆದ ತಗಡಿನ ಬೋರ್ಡು. ಬಂದವರು ಕಿಟಕಿಯ ಸರಳು ಬಡಿದು ಕೂಗಬೇಕು, ಒಳಗಿನವರು ಹಿಂದಿನ ಗಲ್ಲಿಯಿಂದ ಬನ್ನಿ ಎನ್ನಬೇಕು. ಅವರು ಬೀದಿಯ ತುದಿಗೆ ಹೋಗಿ, ಬಟ್ಟೆ ಅಂಗಡಿಯ ಪಕ್ಕದಲ್ಲಿ ತಿರುಗಿ, ಎದುರಿಗೊಬ್ಬರು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಗಲ್ಲಿಯಲ್ಲಿ ನಡೆದು, ಮೊಳಕೈ ಮಡಚಿದ ಹಾಗಿರುವ ಒಂದು ತಿರುವು ದಾಟಿದರೆ ಬಾಗಿಲು. ಇಷ್ಟಾಗುವ ಹೊತ್ತಿಗೆ ಒಳಗೆ ಕಾಫಿ ಸೋಸಿ ಆಗಿರುತ್ತಿತ್ತು.

ಮನೆ ಹುಟ್ಟಿದ್ದೇ ಗುಮಾನಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಅದನ್ನು ಕಟ್ಟಿಸಿದ ಗುತ್ತಿಗೆದಾರ ಸರ್ಕಾರಿ ಕ್ವಾರ್ಟರ್ಸಿಗೆ ಇಟ್ಟಿಗೆ ಹೊಡೆಸುತ್ತಿದ್ದನಂತೆ. ಅಲ್ಲಿಂದಷ್ಟು ಇಲ್ಲಿಂದಷ್ಟು ಸಾಗಿಸಿ ತನ್ನ ಮನೆ ಎಬ್ಬಿಸಿಕೊಂಡ ಎಂದು ಬೀದಿಯ ಹಳಬರು ಈಗಲೂ ಹೇಳುತ್ತಾರೆ. ಅವರನ್ನು ಸುಳ್ಳರೆನ್ನಲು ಬರುವುದಿಲ್ಲ, ಯಾಕೆಂದರೆ ಒಂದೇ ಗೋಡೆಯ ಇಟ್ಟಿಗೆಗಳ ಮೇಲೆ ಬೇರೆ ಬೇರೆ ಭಟ್ಟಿಯ ಮುದ್ರೆಗಳಿವೆ. ಆದರೆ ಕದ್ದ ಇಟ್ಟಿಗೆಯಾದರೂ ಕೆಲಸ ಗಟ್ಟಿ. ಕೈಚಾಚಿದರೂ ಕಿಟಕಿಯ ಹೊರಗೆ ಬೆರಳು ಮುಟ್ಟದಷ್ಟು ದಪ್ಪ ಗೋಡೆ, ಕಬ್ಬಿಣದ ತೊಲೆಗಳ ಮೇಲೆ ಕಲ್ಲು ಚಪ್ಪಡಿ ಹಾಸಿದ ಚಾವಣಿ, ನಡುವೆ ಆಕಾಶಕ್ಕೆ ತೆರೆದ ಪುಟ್ಟ ಅಂಗಳ, ತಾರಸಿಯ ಮೇಲೆ ಬರ್ಸಾತಿ ಎಂಬ ಒಂಟಿ ಕೋಣೆ. ಅಕ್ಕಪಕ್ಕದ ಮನೆಗಳೆಲ್ಲ ಬಿಲ್ಡರುಗಳ ಕೈಗೆ ಹೋಗಿ ನಾಲ್ಕು ಮಹಡಿ ಎದ್ದಿದ್ದರೂ ಇದೊಂದು ಹಳೇ ಕಾಲದ ಗುಮಾಸ್ತನ ಹಾಗೆ ಕುಳ್ಳಗೆ ಕೂತಿತ್ತು.

ವೆಂಕಟಸುಬ್ಬಯ್ಯನವರು ಅದನ್ನು ಕೊಂಡದ್ದು ಅರವತ್ತರ ದಶಕದಲ್ಲಿ, ಮಂತ್ರಾಲಯವೊಂದರಲ್ಲಿ ಮೇಲ್ದರ್ಜೆ ಗುಮಾಸ್ತರಾಗಿದ್ದಾಗ. ಮನೆ ನೋಡಲೆಂದು ತುಮಕೂರಿನ ಕಡೆಯಿಂದ ಬಂದ ಅವರ ತಾಯಿ ವಿಜಯಮ್ಮ ಟಾಂಗಾದಿಂದ ಕೆಳಗಿಳಿಯಲೇ ಇಲ್ಲವಂತೆ. ದಕ್ಷಿಣಕ್ಕೆ ಬಾಗಿಲು, ಯಮನ ದಿಕ್ಕು, ನಾನು ಈ ಹೊಸಿಲು ದಾಟುವುದಿಲ್ಲ ಎಂದು ಹಟ ಹಿಡಿದರು. ತಾಯಿಯ ಮಾತು ತೆಗೆದುಹಾಕಲಾರದ ಮಗ ಬೀದಿಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿ, ಉತ್ತರದ ಗಲ್ಲಿಯ ಕಡೆ ಹೊಸದೊಂದು ತೆಗೆಸಿದರು. ಆ ಮನೆ ಬೀದಿಗೆ ಬೆನ್ನು ಹಾಕಿ ಕೂತದ್ದು ಹೀಗೆ.

ವೆಂಕಟಸುಬ್ಬಯ್ಯನವರ ಸೊಸೆ ಮೈತ್ರೇಯಿಗೆ ಗೊತ್ತಿದ್ದದ್ದು ಇಷ್ಟೇ. ಮದುವೆಯಾಗಿ ಬಂದಾಗ ಬೀದಿ ಕಡೆಯ ಕೋಣೆ ಅವಳ ಪಾಲಿಗೆ ಬಂತು. ಮುಚ್ಚಿದ ಬಾಗಿಲಿನ ಒಳಬದಿಯಲ್ಲಿ ಉಳಿದ ಗೂಡಿಗೆ ಹಲಗೆ ಹೊಡೆಸಿ ಪುಸ್ತಕ ಜೋಡಿಸಿಕೊಂಡಳು. ಮಗಳು ಗಗನಾ ಸ್ಕೂಲಿಗೆ ಹೋಗತೊಡಗಿದ ಮೇಲೆ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಶುರುಮಾಡಿ, ಹೊರಗೆ ಬೋರ್ಡು ಹಾಕಿಸಿದಳು. ಗಂಡ ಮನೋಜ್ ಸರ್ಕಾರಿ ಕಚೇರಿಗಳಿರುವ ಶಾಸ್ತ್ರಿ ಭವನದಲ್ಲಿ ಸೆಕ್ಷನ್ ಆಫೀಸರು, ಬೆಳಿಗ್ಗೆ ಹೋದರೆ ಸಂಜೆಗೇ. ಮಾವನವರು ತಾರಸಿಯ ಬರ್ಸಾತಿಯಲ್ಲಿ, ಅತ್ತೆ ನಡುಕೋಣೆಯಲ್ಲಿ. ಇಡೀ ಮನೆಯಲ್ಲಿ ನನ್ನದು ಎನ್ನಲು ಅವಳಿಗಿದ್ದದ್ದು ಆ ಕೋಣೆ, ಆ ಗೂಡು, ಆ ಬೋರ್ಡು.

ಅತ್ತೆ ಸೀತಮ್ಮ ಹಿಂದಿನ ಚಳಿಗಾಲದಲ್ಲಿ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಂದಿನಿಂದ ಹಾಸಿಗೆಯೇ ಗತಿ. ಅವರನ್ನು ಮಗ್ಗುಲಾಗಿಸುವುದು, ಮೈ ಒರೆಸುವುದು, ಬೆನ್ನಿಗೆ ಪೌಡರ್ ಹಾಕುವುದು, ಮಲಮೂತ್ರದ ಪಾತ್ರೆ ಇಟ್ಟು ತೆಗೆಯುವುದು ಎಲ್ಲ ಮೈತ್ರೇಯಿಯದೇ. ಅವಳು ಅದನ್ನು ಗೊಣಗದೆ ಮಾಡುತ್ತಿದ್ದಳು ಎಂದರೆ ಸುಳ್ಳಾಗುತ್ತದೆ, ಗೊಣಗುತ್ತಲೇ ಚೊಕ್ಕಟವಾಗಿ ಮಾಡುತ್ತಿದ್ದಳು.

ಅನುಮಾನ ಶುರುವಾದದ್ದು ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿಯಲ್ಲಿ. ಅದಕ್ಕೆ ತುಸು ಮುಂಚೆ ದ್ವಾರಕಾದಿಂದ ಕರೋಲ್ ಬಾಗಿಗೆ ಮೆಟ್ರೋ ಬಂದಿತ್ತು. ಮೆಟ್ರೋ ಬಂದದ್ದೇ ತಡ, ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಿದ್ದ ನಾದಿನಿ ಹರಿಣಿ ವಾರವಾರವೂ ಬರತೊಡಗಿದಳು. ದ್ವಾರಕಾದ ಸೊಸೈಟಿ ಫ್ಲ್ಯಾಟಿನಲ್ಲಿರುವ ಹೆಂಗಸು, ಬಂದವಳು ಅಮ್ಮನ ತಲೆ ಬಾಚಿ, ಆಮೇಲೆ ತಾರಸಿ ಹತ್ತಿ ಅಪ್ಪನ ಜೊತೆ ಕೂರುತ್ತಿದ್ದಳು. ಮೈತ್ರೇಯಿ ಬಟ್ಟೆ ಒಣಹಾಕಲು ಮೇಲೆ ಹೋದರೆ ಮಾತು ನಿಂತುಹೋಗುತ್ತಿತ್ತು. ಹಾಗೆ ನಿಂತ ಮಾತು ಕಿವಿಗೆ ಬಿದ್ದ ಮಾತಿಗಿಂತ ಜಾಸ್ತಿ ಕೇಳಿಸುತ್ತದೆ.

ಒಂದು ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬಂದು ನೋಡಿದರೆ ಗೂಡಿನ ಪುಸ್ತಕಗಳೆಲ್ಲ ಮಂಚದ ಮೇಲಿದ್ದವು. ಮಾವನವರು ಕಿವಿಯನ್ನು ಗೋಡೆಗೆ ಹಚ್ಚಿ ಕುಟ್ಟಾಣಿಯ ಗುಂಡಿನಿಂದ ಇಟ್ಟಿಗೆ ತಟ್ಟುತ್ತಿದ್ದರು. ಅವಳ ಏಲಕ್ಕಿ ಕುಟ್ಟುವ ಕುಟ್ಟಾಣಿ ಅದು.

"ಏನು ಮಾವ ಇದು?"

ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಗುಂಡನ್ನು ಬೆನ್ನ ಹಿಂದೆ ಹಿಡಿದರು. "ಈ ರೂಮಿಗೆ ಗಾಳಿ ಸಾಲದು. ಇಲ್ಲೊಂದು ತೆಗೆಸೋಣ ಅಂತ."

ಹೊರಗೆ ಮಂಜು ಇನ್ನೂ ಕರಗಿರಲಿಲ್ಲ, ಮನೆಮಂದಿಯೆಲ್ಲ ಸ್ವೆಟರಿನಲ್ಲಿದ್ದರು. ಅಂಥ ಹೊತ್ತಿನಲ್ಲಿ ಗಾಳಿ ಬೇಕೆನ್ನುವ ಮನುಷ್ಯನನ್ನು ಯಾರು ನಂಬುತ್ತಾರೆ? ಮೈತ್ರೇಯಿ ಪುಸ್ತಕಗಳನ್ನು ಮತ್ತೆ ಜೋಡಿಸಿದಳು. ಮರುದಿನ ಅವು ಮತ್ತೆ ಮಂಚದ ಮೇಲಿದ್ದವು.

ಅಲ್ಲಿಂದ ಅವಳ ಕಣ್ಣು ಮಾವನ ಬೆನ್ನಿಗೇ ಅಂಟಿಕೊಂಡಿತು. ಅವರು ಟೇಪು ಹಿಡಿದು ಗೂಡಿನ ಅಗಲ ಅಳೆದರು. ನಡುಕೋಣೆಯಿಂದ ಗೂಡಿನವರೆಗೆ ನೆಲ ಅಳೆದರು. ಒಂದು ದಿನ ಎಲ್ಲಿಂದಲೋ ಆಳೆತ್ತರ ಮೀರಿದ ಬಿದಿರಿನ ಗಳ ತಂದರು. ಅದನ್ನು ಗಲ್ಲಿಗೆ ಒಯ್ದು, ಮೊಮ್ಮಗಳ ಕೈಯಲ್ಲಿ ಒಂದು ತುದಿ ಹಿಡಿಸಿ, ತಿರುವಿನಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದರು. ಗಳ ತಿರುವಿನಲ್ಲಿ ಸಿಕ್ಕಿಕೊಂಡಿತು.

ಗಗನಾಳನ್ನು ಅಡುಗೆಮನೆಗೆ ಕರೆದು ಮೈತ್ರೇಯಿ ಕೇಳಿದಳು. ಹನ್ನೆರಡನೇ ಕ್ಲಾಸಿನ ಹುಡುಗಿ, ಕನ್ನಡ ಪೂರ್ತಿ ಅರ್ಥವಾದರೂ ನಾಲಿಗೆ ಹಿಂದಿಯ ಕಡೆಗೇ ಎಳೆಯುತ್ತಿತ್ತು. "ಪತಾ ನಹೀಂ ಅಮ್ಮ, ಗೊತ್ತಿಲ್ಲ. ತಾತ ಬೋಲೇ ಪಕಡೋ, ನಾನು ಹಿಡ್ಕೊಂಡೆ. ಪರ್ದಾ ರಾಡ್ ಅಂದ್ರು."

ಪರದೆಯ ಕಂಬಿಯನ್ನು ಗಲ್ಲಿಯಲ್ಲಿ ಯಾರು ತಿರುಗಿಸುತ್ತಾರೆ? ಮೈತ್ರೇಯಿಯ ತಲೆಯಲ್ಲಿ ಲೆಕ್ಕ ತಾನಾಗಿ ಕೂಡಿಕೊಂಡಿತು. ಮನೆಗೆ ಎರಡನೇ ಬಾಗಿಲು ಬಂತೆಂದರೆ ಮನೆ ಎರಡಾಯಿತು ಎಂದೇ ಅರ್ಥ. ಬೀದಿ ಕಡೆಯ ಭಾಗ ಒಬ್ಬರಿಗೆ, ಗಲ್ಲಿ ಕಡೆಯದು ಇನ್ನೊಬ್ಬರಿಗೆ. ಆ ಬಿದಿರು ಪಾಲಿನ ಗೋಡೆಯ ಅಳತೆಗೆ. ಬೀದಿ ಭಾಗ ಮಗಳಿಗೆ, ಕತ್ತಲೆಯ ಹಿಂಭಾಗ ಮಗನಿಗೆ, ಸೊಸೆಗೆ ಹಾಸಿಗೆ ಬದಲಿಸುವ ಕೆಲಸ. ಮುಂದಿನ ವಾರ ಹರಿಣಿ ಒಂದು ಪುಟ್ಟ ಎಲೆಕ್ಟ್ರಿಕ್ ಒಲೆ ತಂದು ನಡುಕೋಣೆಯಲ್ಲಿಟ್ಟು, ಬೆಳಗಿನ ಜಾವ ಅಮ್ಮನಿಗೆ ಹಾಲು ಬಿಸಿ ಮಾಡಲು ಅಪ್ಪನಿಗೆ ಅನುಕೂಲವಾಗಲಿ ಎಂದಳು. ಒಲೆ ಬೇರೆ, ಬಾಗಿಲು ಬೇರೆ. ಇನ್ನೇನು ಬಾಕಿ?

ಮನೋಜನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ, ಅಪ್ಪ ಅಲ್ಲಿ ಅಂಗಡಿ ಮಾಡಿ ಬಾಡಿಗೆಗೆ ಕೊಡಲು ಹೊರಟಿರಬೇಕು ಎಂದ. ಕರೋಲ್ ಬಾಗಿನಲ್ಲಿ ಬೀದಿಗೆ ಬಾಗಿಲು ತೆರೆದ ಕೋಣೆಯನ್ನು ಜನ ಅಂಗಡಿ ಎಂದೇ ಕರೆಯುತ್ತಾರೆ. ಅದೂ ಆ ವರ್ಷ, ಮನೆಗಳಲ್ಲಿ ಅಂಗಡಿ ಇಟ್ಟವರಿಗೆಲ್ಲ ನಗರಪಾಲಿಕೆ ಬೀಗ ಜಡಿಯುತ್ತಿದ್ದ ಕಾಲದಲ್ಲಿ. ನೀವೇ ಕೇಳಿ ಎಂದು ಮೈತ್ರೇಯಿ ಒತ್ತಾಯಿಸಿದಳು. ಕೇಳೋಣ, ಕೇಳೋಣ ಎಂದು ಅವನು ಟೈ ಬಿಗಿದುಕೊಂಡು ಹೊರಟ. ಆ 'ಕೇಳೋಣ' ಎಂಬ ಮಾತಿನಲ್ಲಿ ಇಪ್ಪತ್ತು ವರ್ಷದ ಸಂಸಾರ ಸಾಗಿತ್ತು.

ಮಾರ್ಚಿನ ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಹೂಕೋಸಿನ ಹುಳಿ, ಮೂಲಂಗಿ ಪಲ್ಯ, ಹರಿಣಿ ತಂದಿದ್ದ ಗಜ್ಜರಿ ಹಲ್ವ. ಅಂದು ಬೆಳಿಗ್ಗೆ ಒಬ್ಬ ಮಿಸ್ತ್ರಿ ಬಂದು ಗೋಡೆ ನೋಡಿಕೊಂಡು ಹೋಗಿದ್ದ. ಮೈತ್ರೇಯಿ ಹುಳಿ ಬಡಿಸುತ್ತಲೇ ಕೇಳಿಬಿಟ್ಟಳು.

"ಮಾವ, ಆ ಬಾಗಿಲು ಯಾರಿಗೆ?"

"ಬಾಗಿಲು ಅಂದಮೇಲೆ ಎಲ್ಲರಿಗೂ."

"ಎಲ್ಲರಿಗೂ ಗಲ್ಲಿ ಕಡೆ ಒಂದಿದೆಯಲ್ಲ. ಈಗ ಇದು ಯಾರಿಗೆ ಬೇಕಾಗಿದೆ?"

ಅವರು ಅನ್ನದಲ್ಲಿ ಗುಳಿ ಮಾಡಿ ಹುಳಿ ಹಾಕಿಸಿಕೊಂಡರು. ನಡುಕೋಣೆಯ ಬಾಗಿಲು ತೆರೆದೇ ಇತ್ತು, ಅವರು ಅತ್ತ ಒಮ್ಮೆ ನೋಡಿದರು.

ಹರಿಣಿ ತಟ್ಟೆ ಸರಿಸಿದಳು. "ಅತ್ತಿಗೆ, ಅಪ್ಪನ್ನ ಯಾಕೆ ಮುಂದೆ ಮಾಡ್ತೀರಿ? ಅಂಗಡಿ ಇಡೋ ಯೋಚನೆ ನಿಮ್ಮದೋ ಅಣ್ಣಂದೋ ಅದನ್ನ ಹೇಳಿ. ಅಮ್ಮ ಇರೋವಾಗಲೇ ಇದು ಬೇಕಿತ್ತಾ?"

"ನನಗೆ ಅಂಗಡಿನಾ? ಸರ್ಕಾರಿ ನೌಕರಿಲಿ ಇದ್ದು?" ಮನೋಜನಿಗೆ ಕೆಮ್ಮು ಬಂತು. "ವಾರವಾರ ಮೇಲೆ ಕೂತು ಪಿಸುಪಿಸು ಅನ್ನೋಳು ನೀನು."

"ಅಮ್ಮನ್ನ ದ್ವಾರಕಾಗೆ ಕಳಿಸಿ, ಅಲ್ಲಿ ಲಿಫ್ಟ್ ಇದೆ ಅಂತ ಕೇಳ್ತಿದ್ದೆ. ನಿಮ್ಮೆದುರು ಕೇಳಿದ್ರೆ ಅತ್ತಿಗೆ ನೋಡ್ಕೊಳ್ಳೋದು ಸಾಲದು ಅಂದ ಹಾಗಾಗತ್ತೆ ಅಂತ ಮೇಲೆ ಕೇಳಿದೆ."

"ಅಂದ್ರೆ ಸಾಲದು ಅಂತಲೇ ಅರ್ಥ," ಎಂದಳು ಮೈತ್ರೇಯಿ.

ಗಗನಾ ಹಲ್ವದ ಬಟ್ಟಲು ಹಿಡಿದು ಎದ್ದಳು. "ಅರೇ ಬುಆ, ತಾತನ್ನೇ ಪೂಛ್ ಲೋ ನಾ, ಕೇಳಿಬಿಡಿ," ಎಂದಳು ಸೋದರತ್ತೆಗೆ. ಆದರೆ ತಾತ ಆಗಲೇ ಮಜ್ಜಿಗೆ ಅನ್ನವನ್ನೂ ಮುಟ್ಟದೆ ಎದ್ದು ಕೈತೊಳೆಯಲು ಹೋಗಿದ್ದರು. ಮಜ್ಜಿಗೆ ಅನ್ನವಿಲ್ಲದೆ ಅವರು ಊಟ ಮುಗಿಸಿದ್ದನ್ನು ಆ ಮನೆ ಕಂಡಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಮಾತು ಸತ್ತಿತು. ಮಾವನವರು ತಟ್ಟೆಯನ್ನು ಬರ್ಸಾತಿಗೇ ತರಿಸಿಕೊಂಡರು. ಮಿಸ್ತ್ರಿ ಬಂದು ಕೆಲಸ ಹಿಡಿದ. ಬೋರ್ಡು ಮಾತ್ರ ಮುಟ್ಟಬೇಡ, ಬಹೂರಾಣಿಯದು, ನಮ್ಮ ಸೊಸೆಯದು, ಕೆಳಗಿನಿಂದ ಬಿಚ್ಚಿಕೊಂಡು ಬಾ ಎಂದು ಮಾವನವರು ಅವನಿಗೆ ತಾಕೀತು ಮಾಡುತ್ತಿದ್ದುದು ಮೈತ್ರೇಯಿಗೆ ಕೇಳಿಸಿತು. ಆ ಮರ್ಯಾದೆ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಕೋಣೆ ಕಿತ್ತುಕೊಂಡು ಬೋರ್ಡು ಬಿಡುತ್ತಾರಂತೆ. ಇಟ್ಟಿಗೆಗಳು ಒಂದೊಂದಾಗಿ ಹೊರಬಂದವು, ಅವಳ ಹಾಸಿಗೆ, ದಿಂಬು, ಮಕ್ಕಳ ಸ್ಲೇಟುಗಳ ಮೇಲೆಲ್ಲ ಕೆಂಪು ಧೂಳು. ಟ್ಯೂಷನ್ನಿನ ಮಕ್ಕಳಿಗೆ ರಜೆ ಹೇಳಿ ಕಳಿಸಬೇಕಾಯಿತು.

ಫೋನು ಇದ್ದದ್ದು ನಡುಕೋಣೆಯ ಹೊರಗಿನ ಪಡಸಾಲೆಯಲ್ಲಿ. ಒಂದು ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿ ಮಲಗಿದ್ದಾಗ ಮೈತ್ರೇಯಿ ನಗರಪಾಲಿಕೆಗೆ ಫೋನು ಮಾಡಿದಳು. ಹೆಸರು ಹೇಳಲಿಲ್ಲ. ಇಂಥ ಬೀದಿ, ಇಂಥ ಮನೆ, ವಾಸದ ಮನೆಯ ಗೋಡೆ ಒಡೆದು ಅಂಗಡಿ ಮಾಡುತ್ತಿದ್ದಾರೆ ಎಂದಳು. ಅಂಗಡಿ ಎಂಬ ಮಾತು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆದರೆ ಪಾಲು ಮಾಡುತ್ತಿದ್ದಾರೆ ಎಂದರೆ ಯಾವ ನಗರಪಾಲಿಕೆ ಬರುತ್ತದೆ?

ಬಂದರು. ಒಬ್ಬ ಜೂನಿಯರ್ ಇಂಜಿನಿಯರ್, ಜೊತೆಗೆ ಇಬ್ಬರು. ಮೇಲೆ ಟ್ಯೂಷನ್ನಿನ ಬೋರ್ಡು, ಕೆಳಗೆ ಎದೆಮಟ್ಟದ ಕಿಂಡಿ, ನೋಡಿದವರಿಗೆ ಅಂಗಡಿಯೇ. ಇದು ಯಾಕೆ ಎಂದು ಆತ ಕೇಳಿದ. ಇಲ್ಲಿ ಮೊದಲೇ ಬಾಗಿಲಿತ್ತು ಎಂದರು ಮಾವ. ಎಲ್ಲರೂ ಹಾಗೇ ಹೇಳುತ್ತಾರೆ, ಮುಚ್ಚಿದ್ದನ್ನು ಈಗ ತೆರೆಯುವುದು ಯಾಕೆ ಎಂದು ಅವನು ಮತ್ತೆ ಕೇಳಿದ. ಮಾವನವರು ನಡುಕೋಣೆಯ ಕಡೆ ನೋಡಿ, "ಹವಾ ಕೇ ಲಿಯೇ," ಗಾಳಿಗೆ, ಎಂದರು. ಜೊತೆಗಿದ್ದವರು ನಕ್ಕರು. ಕೆಲಸ ನಿಲ್ಲಿಸಬೇಕು, ಇಲ್ಲದಿದ್ದರೆ ಮತ್ತೆ ಬಂದು ಮುಚ್ಚಿಸುತ್ತೇವೆ ಎಂದು ಇಂಜಿನಿಯರ್ ಹೇಳಿ ಹೋದ. ಮಾವನವರು ರಾಶಿ ಹಾಕಿದ್ದ ಇಟ್ಟಿಗೆಯ ಮೇಲೆ ಕುಕ್ಕರಿಸಿದರು. ಮಿಸ್ತ್ರಿ ಕಿಂಡಿಗೆ ನೀಲಿ ಟಾರ್ಪಾಲು ಕಟ್ಟಿ ಹೊರಟುಹೋದ.

ಮೈತ್ರೇಯಿಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅಂದು ರಾತ್ರಿಯ ಅನ್ನ ಮುದ್ದೆಯಾಯಿತು, ಸಾರಿಗೆ ಉಪ್ಪು ಬೀಳಲಿಲ್ಲ. ಆ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎನ್ನಲೂ ಜನ ಹೆದರುವ ಹಾಗಾಗಿತ್ತು.

ಚಾಡಿ ಹೇಳಿದ್ದು ಯಾರು ಎಂಬ ಪ್ರಶ್ನೆಗೆ ಮಾವನವರು ತಾವೇ ಉತ್ತರ ಕಂಡುಕೊಂಡರು. ಗಲ್ಲಿಯ ತಿರುವಿಗೇ ಮೆಟ್ಟಿಲು ಇಟ್ಟುಕೊಂಡ ಸಭರ್‌ವಾಲರ ಮನೆಯವರು. ತಮ್ಮ ಮನೆ ಬಿಲ್ಡರಿಗೆ ಕೊಟ್ಟು ಅದರಲ್ಲೇ ಒಂದು ಮಹಡಿ ಪಡೆದವರು, ಈ ಮನೆಯ ಮೇಲೂ ಬಿಲ್ಡರಿನ ಕಣ್ಣಿದೆ, ಅದಕ್ಕೇ ಎಂದರು. ಸಂಜೆ ಹಾಲು ತರಲು ಹೋದಾಗ ಸಭರ್‌ವಾಲರ ಮಗನನ್ನು ನಾಲ್ಕು ಜನರೆದುರು ನಿಲ್ಲಿಸಿ, ನೆರೆಯವರಿಗೆ ಹೀಗೆ ಮಾಡಲು ನಾಚಿಕೆಯಾಗಲಿಲ್ಲವೇ ಎಂದುಬಿಟ್ಟರು. ಮೂವತ್ತೆಂಟು ವರ್ಷದ ನೆರೆ ಅದು.

ಮರುದಿನ ಮಾವ ದೇವಸ್ಥಾನಕ್ಕೆ ಹೋಗಿದ್ದಾಗ ಸಭರ್‌ವಾಲರ ಮನೆಯ ಹಿರಿಯ ಹೆಂಗಸು ಬಂದಳು. ಸ್ಥೂಲದೇಹ, ಮಂಡಿನೋವು, ಗೋಡೆ ಹಿಡಿದು ಹಿಡಿದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡಳು. ಮೈತ್ರೇಯಿ ನೀರು ಕೊಟ್ಟಳು. ಮುದುಕಿ ಕುಡಿಯದೆ ಕೆಳಗಿಟ್ಟಳು. ತನ್ನ ಮಾವ ಬದುಕಿದ್ದಿದ್ದರೆ ಈ ಮಾತು ಕೇಳಿ ಎದೆಯೊಡೆದು ಸಾಯುತ್ತಿದ್ದ ಎಂದು ಹಿಂದಿಯಲ್ಲಿ ಶುರುಮಾಡಿದಳು.

"ನಿನ್ನ ಗಂಡನ ಅಜ್ಜಿ ಸತ್ತ ದಿನ ಆಕೆಯ ಕಾಲಿನ ಕಡೆ ಹಿಡಿದವನು ನನ್ನ ಮಾವ. ಗೊತ್ತಾ ನಿನಗೆ?"

ಮೈತ್ರೇಯಿಗೆ ಗೊತ್ತಿರಲಿಲ್ಲ.

ಮುದುಕಿ ಹೇಳಿದಳು. ಈ ಮನೆಗೆ ಬಂದು ವರ್ಷ ತುಂಬಿತ್ತೋ ಇಲ್ಲವೋ, ವಿಜಯಮ್ಮ ತೀರಿಕೊಂಡರು. ಚಟ್ಟ ಕಟ್ಟಿ ಗಲ್ಲಿಗೆ ತಂದರು. ತಿರುವಿನಲ್ಲಿ ಅದು ತಿರುಗಲಿಲ್ಲ. ಹಿಂದಕ್ಕೆ ಸರಿಸಿದರು, ಓರೆ ಮಾಡಿದರು, ಬಿದಿರಿನ ತುದಿ ಗೋಡೆ ಗೀಚಿತೇ ಹೊರತು ತಿರುಗಲಿಲ್ಲ. ಬೀದಿಯ ಕಡೆ ಬಾಗಿಲು ಮುಚ್ಚಿಯಾಗಿತ್ತು, ಮುಚ್ಚಿಸಿದವರೇ ಆಕೆ. ಕೊನೆಗೆ ಚಟ್ಟವನ್ನು ನೆಟ್ಟಗೆ ನಿಲ್ಲಿಸಿದರು. ಆಕೆಯನ್ನು ನಿಲ್ಲಿಸಿಕೊಂಡೇ ತಿರುವು ದಾಟಿಸಿದರು.

"ನಾನು ಆಗ ಹೊಸ ಮದುವಣಗಿತ್ತಿ. ನಮ್ಮ ಮೆಟ್ಟಿಲ ಮೇಲೆ ನಿಂತಿದ್ದೆ. ನಿನ್ನ ಗಂಡ, ನಿನ್ನ ನಾದಿನಿ ಒಳಗೆ ನನ್ನ ಮಂಚದ ಮೇಲೆ ಹಾಲು ಕುಡಿಯುತ್ತಿದ್ದರು. ಮಕ್ಕಳು ನೋಡಬಾರದು ಅಂತ ಬಾಗಿಲು ಹಾಕಿದ್ದೆವು. ನಿನ್ನ ಮಾವ ಯಾಕೆ ಈಗ ಗೋಡೆ ಒಡೀತಿದಾನೆ ಅಂತ ಇಡೀ ಬೀದಿಯಲ್ಲಿ ನನಗೊಬ್ಬಳಿಗೆ ಗೊತ್ತು. ನಾನು ದೂರು ಕೊಡ್ತೀನಾ?"

ಮೈತ್ರೇಯಿಯ ಕೈಯಲ್ಲಿ ಲಟ್ಟಣಿಗೆ ಇತ್ತು. ಗಳ, ಟೇಪು, ನಡುಕೋಣೆಯಿಂದ ಗೂಡಿನವರೆಗೆ ಅಳೆದ ನೆಲ, ಎಲ್ಲವೂ ಒಂದೊಂದಾಗಿ ತಿರುಗಿ ಬೇರೆ ಕಡೆ ಮುಖ ಮಾಡಿ ನಿಂತವು. ಹಾಸಿಗೆಯಲ್ಲಿ ಮಲಗಿದ ಹೆಂಡತಿಯ ಕಿವಿಗೆ ಬೀಳುವ ಹಾಗೆ ಯಾವ ಗಂಡ ತಾನೇ ಹೇಳಿಯಾನು, ಈ ಬಾಗಿಲು ನಿನ್ನನ್ನು ಒಯ್ಯುವುದಕ್ಕೆ ಎಂದು? ಅದಕ್ಕೇ ಗಾಳಿ ಎಂದರು. ನಾಲ್ಕು ಜನರ ನಗೆಗೆ ಈಡಾದರೂ ಗಾಳಿ ಎಂದೇ ಅಂದರು. ಅವಳು ಲಟ್ಟಣಿಗೆಯನ್ನು ಕೆಳಗಿಟ್ಟಳು.

"ಆಂಟೀಜಿ," ಎಂದಳು ಅವಳು. "ಫೋನ್ ಮೈನೇ ಕಿಯಾ ಥಾ." ಫೋನು ಮಾಡಿದ್ದು ನಾನೇ.

ಮುದುಕಿ ಬೈಯಲಿಲ್ಲ. ಕೆಳಗಿಟ್ಟ ನೀರು ಎತ್ತಿ ಕುಡಿದು, ಇದನ್ನು ನನಗೆ ಹೇಳಿ ಏನು ಬಂತು, ಹೋಗಿ ಅವನಿಗೆ ಹೇಳು ಎಂದು ಎದ್ದಳು.

ದೇವಸ್ಥಾನದಿಂದ ಬಂದ ಮಾವನವರು ತಾರಸಿಯಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈತ್ರೇಯಿ ಬಾಲ್ದಿ ತುಂಬ ಒಗೆದ ಬಟ್ಟೆ ಹೊತ್ತು ಹೋದಳು. ಸುಮ್ಮನೆ ಕೈಬೀಸಿಕೊಂಡು ಹೋಗಿ ನಿಲ್ಲಲು ಧೈರ್ಯ ಬರಲಿಲ್ಲ. ಅತ್ತೆಯ ಸೀರೆಯನ್ನು ಹಗ್ಗಕ್ಕೆ ಹರವಿ, ಆ ಸೀರೆಯ ಮರೆಯಿಂದಲೇ ಹೇಳಿದಳು.

"ಮಾವ, ಸಭರ್‌ವಾಲರಲ್ಲ. ದೂರು ಕೊಟ್ಟಿದ್ದು ನಾನು."

ಕೆಳಗೆ ಬೀದಿಯಲ್ಲಿ ರಿಕ್ಷಾದ ಗಂಟೆ.

"ಅಂಗಡಿ ಅಂತ ಹೇಳಿದೆಯಾ?"

"ಹೂಂ."

"ಮನೆ ಪಾಲಾಗತ್ತೆ ಅಂತ ಹೆದರಿದೆಯಾ?"

ಅವಳಿಗೆ ಅಳು ಬಂತು. ಸೀರೆಯ ಅಂಚಿಗೇ ಮುಖ ಒರೆಸಿಕೊಂಡಳು. ಬಯ್ಯುತ್ತಾರೆ ಎಂದು ಕಾದಳು. ಅವರು ಬಯ್ಯಲಿಲ್ಲ.

"ಅಮ್ಮನ್ನ ನಿಲ್ಲಿಸಿದಾಗ ಹಗ್ಗ ಜಾರ್ತು," ಎಂದರು ಅವರು, ಯಾರಿಗೋ ಹೇಳುವ ಹಾಗೆ. "ತಲೆ ಮುಂದಕ್ಕೆ ಬಾಗ್ತು. ನಾನು ಎದುರಿಗೆ ಇದ್ದೆ, ಮಡಕೆ ಹಿಡ್ಕೊಂಡು. ನನಗೆ ನಮಸ್ಕಾರ ಮಾಡಿದ ಹಾಗಾಯ್ತು. ಹೆತ್ತೋಳು. ಸೀತೂಗೆ ಹಾಗಾಗಬಾರದು. ನನಗೆ ಏನಾದ್ರೂ ಆಗಲಿ. ಅವಳು ಮಲಗಿಕೊಂಡೇ ಹೋಗಬೇಕು."

"ನನಗೊಬ್ಬಳಿಗಾದರೂ ಹೇಳಬಹುದಿತ್ತು."

"ದಿನಾ ಬೆಳಗಾದ್ರೆ ಅವಳ ಬೆನ್ನು ಒರೆಸೋಳಿಗೆ, ಅವಳನ್ನ ಸಾಗಹಾಕೋಕೆ ದಾರಿ ಮಾಡ್ತಿದೀನಿ ಅಂತ ಹೇಗೆ ಹೇಳ್ಲಿ?"

ಅಂದು ಸಂಜೆ ಮನೋಜ್ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಇರಲಿಲ್ಲ. ಬೀದಿಯಲ್ಲಿ ಸ್ಟೂಲಿನ ಮೇಲೆ ನಿಂತು ತನ್ನ ಬೋರ್ಡಿನ ಮೊಳೆಗಳನ್ನು ಇಕ್ಕಳದಿಂದ ಕೀಳುತ್ತಿದ್ದಳು. ಗಗನಾ ಸ್ಟೂಲು ಹಿಡಿದಿದ್ದಳು. ಬೋರ್ಡಿನ ಹಿಂದೆ ಏನಿದೆ ಎಂದು ಮಾವ ಹೇಳಿದ್ದರು, ಆದರೂ ತಗಡು ಕೆಳಗಿಳಿದಾಗ ಅವಳು ಬೆರಗಾದಳು. ನೆಟ್ಟಗೆ ನಿಲ್ಲಿಸಿದ ಇಟ್ಟಿಗೆಗಳ ಪುಟ್ಟ ಕಮಾನು, ನಡುವೆ ಕಮಾನನ್ನು ಬಿಗಿಹಿಡಿದ ಬೀಗದ ಕಲ್ಲಿನ ಹಾಗೆ ಒಂದು ದೊಡ್ಡ ಇಟ್ಟಿಗೆ, ಒಂದೊಂದರ ಮೇಲೂ ಒಂದೊಂದು ಭಟ್ಟಿಯ ಮುದ್ರೆ. ಕದ್ದು ತಂದ ಇಟ್ಟಿಗೆಗಳಲ್ಲಿ ಚೆನ್ನಾದವನ್ನೆಲ್ಲ ಆ ಗುತ್ತಿಗೆದಾರ ಬಾಗಿಲ ನೆತ್ತಿಗೇ ಉಳಿಸಿಕೊಂಡಿದ್ದ. ವರ್ಷಗಟ್ಟಲೆ ಅದನ್ನು ಮುಚ್ಚಿಟ್ಟದ್ದು ಅವಳದೇ ಬೋರ್ಡಿನ ತಗಡು.

"ಏನಿದು ಮೈತ್ರೇಯಿ?" ಎಂದ ಮನೋಜ್.

"ಬಾಗಿಲು. ನಾಳೆ ರಜೆ ಹಾಕಿ. ಆ ಇಂಜಿನಿಯರನ್ನ ಕರ್ಕೊಂಡು ಬನ್ನಿ. ಕೇಳೋಣ ಕೇಳೋಣ ಅಂತ ಕೂರಬೇಡಿ."

ಅವನು ಹೋಗಿ ಕರೆತಂದ. ಇಂಜಿನಿಯರ್ ಕಮಾನು ನೋಡಿದ, ಬಗ್ಗಿ ಕೆಳಗಿನ ಸವೆದ ಹೊಸಿಲುಗಲ್ಲು ನೋಡಿದ. ಹಳೇ ಬಾಗಿಲೇ ಎಂದು ಒಪ್ಪಿಕೊಂಡ. ಇದ್ದದ್ದನ್ನು ದುರಸ್ತಿ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಆದರೆ ಶಟರು ಬರಕೂಡದು, ಬೋರ್ಡೂ ಮತ್ತೆ ಏರಕೂಡದು ಎಂದ. ಏರುವುದಿಲ್ಲ ಎಂದು ಮೈತ್ರೇಯಿ ಹೇಳಿದಳು. ಬೋರ್ಡಿಲ್ಲದಿದ್ದರೂ ಮಕ್ಕಳು ಬಂದಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾವನವರು ಕೋಲೂರಿಕೊಂಡು ಸಭರ್‌ವಾಲರ ಮೆಟ್ಟಿಲು ಹತ್ತಿದರು, ಕ್ಷಮೆ ಕೇಳಲು. ಸೊಸೆಯ ಹೆಸರು ಎತ್ತದೆ, ನನ್ನದೇ ತಪ್ಪು ತಿಳಿವಳಿಕೆ ಎಂದು ಹೇಳಿದರೆಂದು ಆಮೇಲೆ ಗೊತ್ತಾಯಿತು.

ಯುಗಾದಿ ಕಳೆದ ಮೇಲೆ ಬಾಗಿಲು ಪೂರ್ತಿಯಾಯಿತು. ಹಸಿರು ಬಣ್ಣ ಬಳಿದ ಜೋಡಿ ಕದ. ಹರಿಣಿ ಬಂದು ನೋಡಿದಳು, ಮೈತ್ರೇಯಿ ಅವಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದಳು. ನಾದಿನಿ ಬಹಳ ಹೊತ್ತು ಕದದ ಚಿಲಕವನ್ನೇ ಸವರುತ್ತ ನಿಂತಿದ್ದಳು. ಅಮ್ಮನಿಗೆ ತಿಳಿಯಬಾರದು ಎಂದು ಎಲ್ಲರೂ ಒಪ್ಪಿಕೊಂಡರು. ಗಾಳಿಗಾಗಿ ತೆಗೆಸಿದ್ದು ಎಂದೇ ಹೇಳಬೇಕೆಂದು ಗಗನಾಳಿಗೂ ಹೇಳಿಕೊಟ್ಟರು. ಬಾಗಿಲನ್ನು ಅಂದೇ ಮುಚ್ಚಿ ಅಗುಳಿ ಹಾಕಿದರು. ಇಂಥ ಕೆಲಸಕ್ಕೆ ಮಾಡಿಸಿದ ಬಾಗಿಲನ್ನು ದಿನಾ ತೆರೆದು ಕೂರುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಮೈತ್ರೇಯಿ ಅತ್ತೆಯ ಬೆನ್ನು ಒರೆಸುತ್ತಿದ್ದಳು.

"ಬಾಗ್ಲು ಆಯ್ತಾ?" ಎಂದರು ಸೀತಮ್ಮ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಆಯ್ತು ಅತ್ತೆ. ಇನ್ನು ಚೆನ್ನಾಗಿ ಗಾಳಿ ಬರತ್ತೆ."

"ಗಾಳಿ," ಎಂದರು ಅತ್ತೆ. ಅವರ ಬೆನ್ನು ಅಲುಗಿತು, ನಗುತ್ತಿದ್ದರು. "ಅವತ್ತು ನಾನೂ ಹಿಂದೇನೇ ನಿಂತಿದ್ದೆ ಕಣೇ, ಅತ್ತೆಯವರನ್ನ ನಿಲ್ಲಿಸಿದಾಗ. ಇವರು ಗಳ ತಂದ ದಿನವೇ ನನಗೆ ಗೊತ್ತಾಯ್ತು. ಮೂಳೆ ಮುರಿದಿದ್ದು ಸೊಂಟದ್ದು, ಕಿವಿದಲ್ಲ. ನೀನು ಫೋನು ಮಾಡೋವಾಗಲೂ ಕಿವಿ ನೆಟ್ಟಗೇ ಇತ್ತು."

ಮೈತ್ರೇಯಿಯ ಕೈಯಲ್ಲಿನ ಟವೆಲು ನಿಂತಿತು.

"ಯಾರಿಗೂ ಹೇಳಲಿಲ್ಲ ನೀವು."

"ನೀನು ನಿಲ್ಲಿಸಿದ್ದು ನನಗೂ ಒಳ್ಳೇದೇ ಅನ್ನಿಸ್ತು. ಅವಸರ ಏನಿತ್ತು ಅವರಿಗೆ?" ಮುದುಕಿ ಮುಖ ತಿರುಗಿಸಿದರು. "ಈಗ ಆಗಿದೆಯಲ್ಲ, ನನ್ನ ಕುರ್ಚಿ ತಾ. ಮನೋಜ ಆಫೀಸಿಗೆ ಹೋಗೋ ಮುಂಚೆ ಎತ್ತಿ ಕೂರಿಸಲಿ."

"ಎಲ್ಲಿಗೆ ಅತ್ತೆ?"

"ಬಾಗಿಲಿಗೆ. ಆಮೇಲೆ ಹೋಗೋವಾಗ ಕಣ್ಣು ಮುಚ್ಚಿರತ್ತೆ. ಈ ಮನೇಲಿ ಇಷ್ಟು ವರ್ಷ ಇದ್ದು ಬಾಗಿಲಲ್ಲಿ ಕೂತು ಎದುರುಬೀದಿ ನೋಡಿಲ್ಲ ನಾನು, ಕಿಟಕಿ ಸರಳಿಂದ ನೋಡಿದ್ದೇ."

ಡಾಕ್ಟರು ಏನನ್ನುತ್ತಾರೋ ಎಂದು ಮನೋಜ್ ಅಂಜಿದ. ಮಾವನವರಾದರೋ ಕುರ್ಚಿಗೆ ಎರಡು ದಿಂಬು ಹಾಕಿದರು. ಮೂವರೂ ಸೇರಿ ಎತ್ತಿ ಕೂರಿಸಿ, ಮಾವನವರು ಟೇಪು ಹಿಡಿದು ಅಳೆದಿದ್ದ ದಾರಿಯಲ್ಲೇ ನಡುಕೋಣೆಯಿಂದ ಹೊಸಿಲವರೆಗೆ ಒಯ್ದರು. ಎಲ್ಲೂ ತಗುಲಲಿಲ್ಲ, ಅಳತೆ ಸರಿಯಾಗಿತ್ತು. ವೆಂಕಟಸುಬ್ಬಯ್ಯನವರು ಅಗುಳಿ ತೆಗೆದು ಎರಡೂ ಕದ ತೆರೆದರು. ಬೆಳಗಿನ ಬಿಸಿಲು ಕಮಾನಿನ ಕೆಳಗೆ ನುಗ್ಗಿ ಸೀತಮ್ಮನ ಮಡಿಲಿಗೆ ಬಿತ್ತು. ಅವರು ಕಣ್ಣು ಕಿರಿದು ಮಾಡಿ ಬೀದಿ ನೋಡಿದರು. ಶಾಲೆಗೆ ಹೊರಟ ಮಕ್ಕಳು, ರಿಕ್ಷಾಗಳು, ಎದುರು ಮನೆಯ ನಾಲ್ಕನೇ ಮಹಡಿಯಿಂದ ಬುಟ್ಟಿ ಇಳಿಬಿಡುತ್ತಿದ್ದ ಹೆಂಗಸು. ಗಂಡನ ಕಡೆ ಒಂದು ಸಲ ನೋಡಿ, ಗಾಳಿ ಚೆನ್ನಾಗಿ ಬರುತ್ತದೆ ಎಂದರು. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು.

ತರಕಾರಿ ಗಾಡಿಯವನು ಬಂದ. ಮುಚ್ಚಿದ ಗೋಡೆಯಿದ್ದ ಕಡೆ ಕುರ್ಚಿಯಲ್ಲಿ ಮುದುಕಿಯೊಬ್ಬಳು ಕೂತಿದ್ದನ್ನು ಕಂಡು ಗಾಡಿ ನಿಲ್ಲಿಸಿದ. ಸೀತಮ್ಮ ಬೆಂಡೆಕಾಯಿ ಕೇಳಿದರು, ತುದಿ ಮುರಿದು ನೋಡಿದರು, ಬಲಿತಿದೆ ಎಂದು ಜಗಳ ತೆಗೆದರು, ಕೊನೆಗೆ ಅದನ್ನೇ ಕೊಂಡು ಮಡಿಲಿಗೆ ಹಾಕಿಸಿಕೊಂಡರು. ಮೈತ್ರೇಯಿ ಮೊರ ತರಲು ಒಳಗೆ ಹೊರಟವಳು ಅತ್ತೆಯ ದನಿ ಕೇಳಿ ನಿಂತಳು. ಎಷ್ಟು ವರ್ಷ ದಿಲ್ಲಿಯಲ್ಲಿದ್ದರೂ ನೆಟ್ಟಗಾಗದ ತಮ್ಮ ಹಿಂದಿಯಲ್ಲಿ ಅವರು ಗಾಡಿಯವನಿಗೆ ನಾಳೆಯೂ ಬಾ, ಇಲ್ಲೇ ಕೂತಿರುತ್ತೇನೆ ಎಂದು ಹೇಳುತ್ತಿದ್ದರು:

"ಕಲ್ ಭೀ ಆನಾ ಭಯ್ಯಾ. ಹಮ್ ಇಧರ್ ಹೀ ಬೈಠೇಗಾ."